ನಿಲ್ಲಿಸಿದ ಮಾತ್ರೆ

ಸಂಕ್ರಾಂತಿ ಕಳೆದ ಎರಡನೆಯ ದಿನ ಬೆಳಿಗ್ಗೆ ಆಶಾರಾಣಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, “ಅತ್ತೆ, ಎರಡು ಗೆರೆ ಬಂದಿದೆ” ಎಂದಳು. ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ಮುನಿನಾರಾಯಣಮ್ಮನಿಗೆ ಏನೂ ಅರ್ಥವಾಗಲಿಲ್ಲ.

“ಎಲ್ಲಿ ಗೆರೆ? ಗೋಡೆ ಮ್ಯಾಲಾ?”

ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದ ಮಗಳು ರಾಧಾಮಣಿ ಬಾಚಣಿಗೆ ಹಿಡಿದೇ ಓಡಿಬಂದಳು. ಅತ್ತಿಗೆಯ ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು. “ಅಮ್ಮ, ನೀನು ಅಜ್ಜಿ ಆಗ್ತಿದೀಯ ಕಣಮ್ಮ!”

ಮುನಿನಾರಾಯಣಮ್ಮ ಮೊರವನ್ನು ಪಕ್ಕಕ್ಕೆ ತಳ್ಳಿ ಎದ್ದು ಸೊಸೆಯ ಗಲ್ಲ ಹಿಡಿದಳು. ಮಗ ಮುನೇಶನ ಮದುವೆಯಾಗಿ ಎರಡು ವರ್ಷವಾಗಿತ್ತು. ಅಷ್ಟು ದಿನವೂ ಅವಳು ಈ ವಿಷಯವಾಗಿ ಸೊಸೆಯನ್ನು ಒಂದು ಮಾತು ಕೇಳಿರಲಿಲ್ಲ. ಕೇಳದೆ ಇದ್ದುದಕ್ಕೆ ಕಾರಣವಿತ್ತು.

ಆಶಾರಾಣಿ ಹುಣಸಮಾರನಹಳ್ಳಿಯ ಹುಡುಗಿ. ಒಂಬತ್ತನೆಯ ವಯಸ್ಸಿನಲ್ಲಿ ಕೀಲುನೋವಿನ ಜೊತೆ ಬಂದ ಜ್ವರವೊಂದು ಅವಳ ಹೃದಯದ ಕವಾಟವನ್ನು ಕೆಡಿಸಿಹೋಗಿತ್ತು. ಹತ್ತೊಂಬತ್ತಾದಾಗ, 2008ರಲ್ಲಿ, ಎದೆ ತೆರೆದು ಆ ಜಾಗಕ್ಕೆ ಲೋಹದ ಕವಾಟ ಕೂರಿಸಿದರು. ಅಂದಿನಿಂದ ರಕ್ತ ತೆಳುವಾಗಿಸುವ ಮಾತ್ರೆ, ದಿನಕ್ಕೊಂದು, ಬದುಕಿರುವ ತನಕ. ಬಿಟ್ಟರೆ ಲೋಹದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಸೊಪ್ಪು ತಿನ್ನುವುದು ಹೆಚ್ಚುಕಡಿಮೆಯಾದರೂ ಪರೀಕ್ಷೆಯಲ್ಲಿ ಏರುಪೇರಾಗುತ್ತದೆಂದು ಮುನಿನಾರಾಯಣಮ್ಮ ಸೊಸೆಯ ತಟ್ಟೆಗೆ ಸೊಪ್ಪನ್ನು ಯಾವಾಗಲೂ ಒಂದೇ ಸೌಟಿನಲ್ಲಿ ಬಡಿಸುತ್ತಿದ್ದಳು. ಮನೆಯಲ್ಲಿ ಟಿವಿ ಆರಿಸಿ ಎಲ್ಲರೂ ಸುಮ್ಮನೆ ಕುಳಿತರೆ ಆಶಾಳ ಎದೆಯಿಂದ ಟಿಕ್ ಟಿಕ್ ಎಂದು ಸಣ್ಣ ಸದ್ದು ಕೇಳುತ್ತಿತ್ತು. ಹೆಣ್ಣು ನೋಡಲು ಹೋದ ದಿನವೇ ಅವಳು ಎಲ್ಲವನ್ನೂ ಮುನೇಶನಿಗೆ ಹೇಳಿದ್ದಳು. “ನಮ್ಮನೆ ಗಡಿಯಾರ ಕೆಟ್ಟು ಒಂದು ವರ್ಷ ಆಯ್ತು, ಒಳ್ಳೇದೇ ಆಯ್ತು ಬಿಡಿ” ಎಂದು ಅವನು ನಕ್ಕಿದ್ದ. ಕೆಂಪಾಪುರದಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಸಣ್ಣ ಶೆಡ್ಡು ಅವನದು. ಆಶಾ ಖಾಸಗಿ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ.

ರಾಧಾಮಣಿ ಡಿ.ಫಾರ್ಮ ಓದಿ ಕೊಡಿಗೇಹಳ್ಳಿಯ ಮೆಡಿಕಲ್ ಸ್ಟೋರಿನಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಅತ್ತಿಗೆಯ ಮಾತ್ರೆಯನ್ನು ಪ್ರತಿ ತಿಂಗಳು ಮನೆಗೆ ತರುತ್ತಿದ್ದವಳು ಅವಳೇ. ಆವತ್ತು ಮಧ್ಯಾಹ್ನ ಮಾಲೀಕರಾದ ದಸ್ತಗೀರ್ ಸಾಹೇಬರು ಊಟಕ್ಕೆ ಹೋದ ಮೇಲೆ ಅವಳಿಗೆ ಏನನ್ನಿಸಿತೋ, ಆ ಮಾತ್ರೆಯ ಡಬ್ಬಿ ತೆರೆದು ಒಳಗೆ ಮಡಚಿಟ್ಟಿದ್ದ ಕಾಗದ ಬಿಡಿಸಿದಳು. ಅಕ್ಷರ ಸಾಸಿವೆಕಾಳಿಗಿಂತ ಸಣ್ಣದು. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಓದಿದಳು. ಗರ್ಭಿಣಿಯರು ತೆಗೆದುಕೊಳ್ಳಕೂಡದು ಎಂದಿತ್ತು. ಭ್ರೂಣದ ಮೂಗಿಗೆ, ಮೂಳೆಗೆ, ಕಣ್ಣಿಗೆ, ಮಿದುಳಿಗೆ ಹಾನಿಯಾಗಬಹುದು. ಗರ್ಭಪಾತವಾಗಬಹುದು.

ಕಾಲೇಜಿನಲ್ಲಿ ಪರೀಕ್ಷೆಗೆಂದು ಇದನ್ನೇ ಓದಿ, ಬರೆದು, ಅಂಕವನ್ನೂ ಪಡೆದಿದ್ದಳು. ಈಗ ಅದು ಅತ್ತಿಗೆ ದಿನಾ ನುಂಗುವ ಮಾತ್ರೆ. ತನ್ನ ಕೈಯಾರೆ ತಂದುಕೊಟ್ಟದ್ದು. ಕೌಂಟರಿನ ಮುಂದೆ ಯಾರೋ ಕೆಮ್ಮಿನ ಸಿರಪ್ ಕೇಳುತ್ತಿದ್ದರು. ಅವಳು ಉತ್ತರ ಕೊಡದೆ ಅತ್ತಿಗೆಗೆ ಫೋನ್ ಮಾಡಿದಳು.

“ಅತ್ತಿಗೆ, ಆ ಮಾತ್ರೆ ಇವತ್ತಿಂದ ಮುಟ್ಬೇಡಿ. ಮಗೂಗೆ ತುಂಬಾ ಕೆಟ್ಟದ್ದು ಅದು. ನಿಲ್ಲಿಸಿಬಿಡಿ. ಡಾಕ್ಟ್ರ ಹತ್ರ ನಾನೇ ಅಪಾಯಿಂಟ್‌ಮೆಂಟ್ ತಗೋತೀನಿ.”

ಆಶಾ ಯಾಕೆಂದೂ ಕೇಳದೆ, “ಸರಿ ಕಣೆ” ಎಂದಳು.

ಆಪರೇಷನ್ ಮಾಡಿದ್ದ ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿತ್ತು. ರಾಧಾಮಣಿ ಫೋನ್ ಮಾಡಿದಾಗ ಡಾಕ್ಟರು ರಜೆಯಲ್ಲಿದ್ದಾರೆ, ಇಪ್ಪತ್ತೇಳನೇ ತಾರೀಕು ಸೋಮವಾರ ಬನ್ನಿ ಎಂದರು. “ಮಾಮೂಲಿ ಚೆಕಪ್ಪೇ ಅಲ್ವಾ?” ಎಂದು ಅಲ್ಲಿನ ಹುಡುಗಿ ಕೇಳಿದಳು. ರಾಧಾಮಣಿ ಹೌದೆಂದಳು. ಬಸುರಿ ಎಂದು ಹೇಳಲಿಲ್ಲ. ಮಾತ್ರೆ ನಿಲ್ಲಿಸಿದ್ದೇವೆ ಎಂದೂ ಹೇಳಲಿಲ್ಲ. ಹತ್ತು ಹನ್ನೊಂದು ದಿನ ತಾನೆ ಎಂದುಕೊಂಡಳು. ಮಗುವನ್ನು ಕಾಪಾಡಿದೆ ಎಂಬ ಸಮಾಧಾನದಲ್ಲಿ ಆಮೇಲೆ ಕೆಮ್ಮಿನ ಸಿರಪ್ ಎತ್ತಿಕೊಟ್ಟಳು.

ಏಳು ದಿನ ಎಲ್ಲವೂ ಚೆನ್ನಾಗಿತ್ತು. ಮುನೇಶ್ ದಿನಾ ಒಂದೊಂದು ಹಣ್ಣು ತಂದ. ಆಶಾಳಿಗೆ ಸ್ವಲ್ಪ ಸುಸ್ತು ಎನ್ನಿಸುತ್ತಿತ್ತು. ಬಸುರಿಯಲ್ಲವೇ, ಇರುತ್ತದೆ ಎಂದರು ಎಲ್ಲರೂ. ಎಂಟನೆಯ ದಿನ, ಶುಕ್ರವಾರ ಬೆಳಿಗ್ಗೆ, ಅವಳು ತಾರಸಿಗೆ ಬಟ್ಟೆ ಒಣಗಿಸಲು ಹೊರಟವಳು ಅರ್ಧ ಮೆಟ್ಟಿಲಲ್ಲೇ ಕುಳಿತುಬಿಟ್ಟಳು.

“ಇದ್ಯಾಕಿಂಗೆ ಏದುಸ್ರು ಬುಡ್ತಾವ್ಳೆ? ರಾಧಾ, ಬಾರೆ ಇಲ್ಲಿ!” ಮುನಿನಾರಾಯಣಮ್ಮ ಕೆಳಗಿನಿಂದಲೇ ಕೂಗಿದಳು.

ರಾಧಾಮಣಿ ಹತ್ತಿ ಹೋಗಿ ಪಕ್ಕದಲ್ಲಿ ಕುಳಿತು ಅತ್ತಿಗೆಯ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಳು. ತುಟಿ ನೀಲಿಗೆ ತಿರುಗಿತ್ತು. ಮಾತಾಡಲು ಬಾಯಿ ತೆರೆದರೆ ಉಸಿರು ಸಾಲುತ್ತಿರಲಿಲ್ಲ. ಏನೋ ಒಂದು ಸರಿಯಿಲ್ಲ ಎನ್ನಿಸಿತು, ಏನೆಂದು ಮಾತ್ರ ಹೊಳೆಯಲಿಲ್ಲ. ಇಷ್ಟು ಹತ್ತಿರ ಕುಳಿತಾಗ ಯಾವಾಗಲೂ ಕೇಳುವುದು ಕೇಳುತ್ತಿಲ್ಲ ಎಂದು ಆಮೇಲೆ ಹೊಳೆಯಿತು. ಸೆರಗಿನ ಮೇಲೆಯೇ ಕಿವಿ ಒತ್ತಿ ಹಿಡಿದಳು. ಒಳಗೆ ಏನೋ ಮಂದವಾಗಿ ಗುದ್ದುತ್ತಿತ್ತು. ಟಿಕ್ ಎಂಬ ಸದ್ದು ಇರಲಿಲ್ಲ.

“ಅಮ್ಮಾ, ಅಣ್ಣಂಗೆ ಫೋನ್ ಮಾಡು! ಆಟೋ ಕರಿ!”

ಹೆಬ್ಬಾಳದ ಕಡೆಯ ಆಸ್ಪತ್ರೆ ಎರಡೂವರೆ ಮೈಲಿಯೂ ಇರಲಿಲ್ಲ. ಫ್ಲೈಓವರಿನ ಕೆಳಗೆ ವಾಹನಗಳು ಕಿಕ್ಕಿರಿದು ಆಟೋ ನಿಂತಾಗ ಮುನಿನಾರಾಯಣಮ್ಮ ಇಳಿದು ಮುಂದಿನ ಬಸ್ಸನ್ನು ಕೈಯಿಂದ ಬಡಿದಳು. “ದಾರಿ ಬುಡ್ರಪ್ಪಾ, ಬಸ್ರಿ ಎಂಗ್ಸು!”

ಆಸ್ಪತ್ರೆಯಲ್ಲಿ ಆಶಾಳನ್ನು ಒಳಗೆ ಕರೆದುಕೊಂಡು ಹೋಗಿ ಆಮ್ಲಜನಕ ಕೊಟ್ಟು ಹೃದಯದ ಎಕೋ ಸ್ಕ್ಯಾನ್ ಮಾಡಿದರು. ಅಷ್ಟರಲ್ಲಿ ಮುನೇಶ್ ಅಂಗಿಯ ತುಂಬ ಅಲ್ಯೂಮಿನಿಯಂ ಪುಡಿ ಮೆತ್ತಿಕೊಂಡೇ ಓಡಿಬಂದ. ಹೃದಯದ ಡಾಕ್ಟರು ವೀರಬಸಪ್ಪ ಹೊರಗೆ ಬಂದು ಮೂವರನ್ನೂ ಒಂದು ಪಕ್ಕಕ್ಕೆ ಕರೆದರು.

“ಅವರಿಗೆ ಹಾಕಿರೋ ವಾಲ್ವಿಗೆ ಎರಡು ಬಾಗಿಲು ಅಂದ್ಕೊಳ್ಳಿ. ಅದ್ರಲ್ಲಿ ಒಂದು ಅಲ್ಲಾಡ್ತಾನೇ ಇಲ್ಲ. ರಕ್ತ ಹೆಪ್ಪುಗಟ್ಟಿ ಕಚ್ಕೊಂಡಿದೆ. ಮಾತ್ರೆ ಸರಿಯಾಗಿ ತಗೋತಿದ್ರಾ?”

“ಒಂದು ದಿನಾನೂ ತಪ್ಸಿಲ್ಲ ಸಾರ್” ಎಂದ ಮುನೇಶ್. “ಆರು ವರ್ಷದಿಂದ.”

“ತಪ್ಸದೇ ಇದ್ರೆ ಬ್ಲಡ್ ರಿಪೋರ್ಟು ಹೀಗೆ ಬರಲ್ಲ. ಮೈಯಲ್ಲಿ ಆ ಔಷಧದ ಸುಳಿವೇ ಇಲ್ಲ.”

ರಾಧಾಮಣಿ ಮುಂದೆ ಬಂದಳು. “ನಾನು ನಿಲ್ಲಿಸೋಕೆ ಹೇಳ್ದೆ ಸಾರ್. ಎಂಟು ದಿನ ಆಯ್ತು. ಬಸುರಿ ಅಂತ ಗೊತ್ತಾಯ್ತು, ಆ ಮಾತ್ರೆ ಮಗೂಗೆ...”

ಮುನೇಶ್ ತಿರುಗಿ ನೋಡಿದ. ಸಿಟ್ಟೂ ಅಲ್ಲದ, ದುಃಖವೂ ಅಲ್ಲದ ಮುಖ. ತಂಗಿ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾಳೆಂದೇ ತಿಳಿಯದವನ ಹಾಗೆ.

“ನೀವೇನ್ ಮಾಡ್ತೀರಿ?” ಡಾಕ್ಟರು ಕೇಳಿದರು.

“ಮೆಡಿಕಲ್ ಸ್ಟೋರಲ್ಲಿದೀನಿ ಸಾರ್. ಫಾರ್ಮಸಿಸ್ಟ್.”

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಮಾತ್ರೆ ಮಗುವಿಗೆ ಒಳ್ಳೇದಲ್ಲ ಅನ್ನೋದು ನಿಜಾನೇ ಕಣಮ್ಮ” ಎಂದರು. “ಅದರಲ್ಲೂ ಆರನೇ ವಾರದಿಂದ ಹನ್ನೆರಡನೇ ವಾರದವರೆಗೆ. ಆದ್ರೆ ಅದನ್ನ ನಿಲ್ಸಿದ್ರೆ ಬದಲಿಗೆ ಇನ್ನೊಂದು ಕೊಡಲೇಬೇಕು. ಹೊಟ್ಟೆಗೆ ಚುಚ್ಚೋ ಇಂಜೆಕ್ಷನ್ ಇದೆಯಲ್ಲ, ಹೆಪಾರಿನ್ ಜಾತೀದು, ಅದು ಮಗುವಿನ ತನಕ ದಾಟಲ್ಲ. ಗೊತ್ತಾದ ದಿನವೇ ಬಂದಿದ್ರೆ ಅದನ್ನ ಶುರು ಮಾಡ್ತಿದ್ವಿ. ಇಂಥ ವಾಲ್ವ್ ಇರೋರು ಔಷಧ ಇಲ್ಲದೆ ಒಂದು ದಿನ ಇರೋದೂ ಅಪಾಯ.”

ರಾಧಾಮಣಿಗೆ ತಮ್ಮ ಅಂಗಡಿಯ ಫ್ರಿಜ್ಜಿನ ಪಕ್ಕದ ಕಪಾಟು ಕಣ್ಣಿಗೆ ಕಟ್ಟಿತು. ಅದರ ಎರಡನೆಯ ಅಂಕಣದಲ್ಲಿ ಆ ಇಂಜೆಕ್ಷನ್ನಿನ ಡಬ್ಬಿಗಳಿದ್ದವು. ಆ ಗುರುವಾರ ಕಾಗದ ಹಿಡಿದು ನಿಂತಿದ್ದ ಜಾಗದಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಉಳಿದಿದ್ದ ದಾರಿ ಎರಡು. ಮತ್ತೆ ಎದೆ ತೆರೆದು ಕವಾಟ ಬದಲಿಸುವುದು, ಇಲ್ಲವೇ ಹೆಪ್ಪನ್ನು ಕರಗಿಸುವ ಔಷಧವನ್ನು ಡ್ರಿಪ್ಪಿನಲ್ಲಿ ಇಡೀ ದಿನ ನಿಧಾನವಾಗಿ ಹರಿಸುವುದು. ಎರಡರಲ್ಲೂ ಗಂಡಾಂತರವಿತ್ತು. ಹೆರಿಗೆ ವಿಭಾಗದ ಡಾಕ್ಟರ್ ಫಖ್ರುನ್ನೀಸಾ ಬಂದು ಮುನೇಶನ ಎದುರು ಕುಳಿತರು. ಐವತ್ತು ದಾಟಿದ ಹೆಂಗಸು, ಮೆಲುದನಿ.

“ಸುಳ್ಳು ಭರವಸೆ ಕೊಡಲ್ಲ ಮುನೇಶ್. ಕರಗಿಸೋ ಔಷಧದಿಂದ ರಕ್ತಸ್ರಾವ ಆಗಬಹುದು. ಮಿದುಳಲ್ಲೂ ಆಗಬಹುದು, ಗರ್ಭದಲ್ಲೂ ಆಗಬಹುದು. ಆಪರೇಷನ್ ಮಾಡಿದ್ರೆ ಮಗು ಉಳಿಯೋದು ಇನ್ನೂ ಕಷ್ಟ. ತಾಯಿ ಉಳಿದ್ರೆ ಮಾತ್ರ ಮಗುವಿಗೆ ದಾರಿ. ಡ್ರಿಪ್ ಮೊದಲು ಪ್ರಯತ್ನ ಮಾಡೋಣ ಅಂತ ನಮ್ಮಿಬ್ಬರ ಅಭಿಪ್ರಾಯ.”

ಮುನೇಶ್ ಸಹಿ ಹಾಕಿದ. ಹೆಸರು ಗೆರೆ ದಾಟಿತು. ಆಮೇಲೆ ಅಮ್ಮನ ಕಡೆ ತಿರುಗಿ, “ಅವ್ಳನ್ನ ಮನೆಗೆ ಹೋಗೋಕೆ ಹೇಳು” ಎಂದ. ಅವಳು ಅಂದರೆ ರಾಧಾಮಣಿ. ಮೂರು ಅಡಿ ದೂರದಲ್ಲೇ ನಿಂತಿದ್ದಳು.

ರಾಧಾಮಣಿ ಮನೆಗೆ ಹೋಗಲಿಲ್ಲ. ಔಷಧದ ಕೌಂಟರಿನ ಎದುರಿನ ಬೆಂಚಿನಲ್ಲಿ ಕುಳಿತಳು. ಜನ ಚೀಟಿ ಕೊಟ್ಟು ಮಾತ್ರೆ ಕೊಂಡು ಹೋಗುತ್ತಿದ್ದರು. ಒಳಗಿದ್ದ ಹುಡುಗ ಕತ್ತರಿಯಿಂದ ಮಾತ್ರೆಯ ಹಾಳೆ ಕತ್ತರಿಸಿ, ಲಕೋಟೆಗೆ ಹಾಕಿ, ಬೆಳಿಗ್ಗೆ ಒಂದು ಸಂಜೆ ಒಂದು ಎನ್ನುತ್ತಿದ್ದ. ತಾನೂ ದಿನಕ್ಕೆ ನೂರು ಸಲ ಹಾಗೆ ಹೇಳುತ್ತೇನಲ್ಲ ಎಂದುಕೊಂಡಳು. ಆ ಮಾತು ಎಷ್ಟು ಸಲೀಸಾಗಿ ಬಾಯಿಂದ ಬರುತ್ತದೆ.

ಮರುದಿನ ಮಧ್ಯಾಹ್ನ ಇನ್ನೊಮ್ಮೆ ಎಕೋ ಮಾಡಿದರು. ಕವಾಟದ ಕಚ್ಚಿಕೊಂಡಿದ್ದ ಬಾಗಿಲು ಅಲುಗತೊಡಗಿತ್ತು. ಸಂಜೆಯ ಹೊತ್ತಿಗೆ ಪೂರ್ತಿ ತೆರೆಯಿತು. ಫಖ್ರುನ್ನೀಸಾ ಹೊಟ್ಟೆಯ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಮಿಣುಕುತ್ತಿದ್ದ ಒಂದು ಬಿಳಿ ಚುಕ್ಕೆಯನ್ನು ಮುನೇಶನಿಗೆ ತೋರಿಸಿದರು. “ಇದು ಹೃದಯ. ಬಡೀತಿದೆ ನೋಡಿ.” ಮುನೇಶ್ ಪರದೆಯ ಹತ್ತಿರಕ್ಕೆ ಬಗ್ಗಿದ. ಮುನಿನಾರಾಯಣಮ್ಮ ಹೊರಗೆ ಬಂದು ಮಗಳ ಪಕ್ಕ ಬೆಂಚಿನಲ್ಲಿ ಕುಳಿತು, ಅಷ್ಟೂ ಹೊತ್ತು ತಡೆದಿದ್ದ ಅಳುವನ್ನು ಗಟ್ಟಿಯಾಗಿ ಅತ್ತಳು. ಆದರೆ ಮಗಳ ಹೆಗಲ ಮೇಲೆ ಕೈ ಹಾಕಲಿಲ್ಲ.

ಹತ್ತು ದಿನದ ಮೇಲೆ ಆಶಾ ಮನೆಗೆ ಬಂದಳು. ದಿನಕ್ಕೆರಡು ಇಂಜೆಕ್ಷನ್, ಹೊಟ್ಟೆಯ ಚರ್ಮಕ್ಕೆ, ಹದಿಮೂರನೆಯ ವಾರ ಮುಗಿಯುವವರೆಗೆ. ವಾರಕ್ಕೊಮ್ಮೆ ರಕ್ತ ಪರೀಕ್ಷಿಸಿ ಎಷ್ಟು ಕೊಡಬೇಕೆಂದು ಆಸ್ಪತ್ರೆಯವರು ಹೇಳುತ್ತಿದ್ದರು. ಚುಚ್ಚುವುದನ್ನು ನರ್ಸ್ ಮುನೇಶನಿಗೆ ಕಲಿಸಿದ್ದಳು. ಮೊದಲ ದಿನವೇ ಅವನ ಕೈಯಲ್ಲಿ ಸೂಜಿ ಬಾಗಿತು.

“ರಾಧಾ ಕೊಡ್ಲಿ” ಎಂದಳು ಆಶಾ.

“ಅವ್ಳು ಬೇಡ.”

“ನಂಗೆ ಅವ್ಳೇ ಕೊಡ್ಬೇಕು ರೀ.”

ಹೀಗೆ ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ರಾಧಾಮಣಿ ಅತ್ತಿಗೆಯ ಮುಂದೆ ಮಂಡಿಯೂರಿ ಕುಳಿತು ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಸೂಜಿ ಚುಚ್ಚಿದಳು. ಆಶಾಳ ಹೊಟ್ಟೆಯ ಮೇಲೆ ನೇರಳೆ ಕಲೆಗಳು ಮೂಡಿದವು. ಪ್ರತಿಸಲವೂ ರಾಧಾಮಣಿ ಚೀಟಿಯಲ್ಲಿ ಬರೆದ ಪ್ರಮಾಣವನ್ನು ಮೂರು ಬಾರಿ ಓದುತ್ತಿದ್ದಳು. ಮುನೇಶ್ ಆ ಹೊತ್ತಿಗೆ ಸರಿಯಾಗಿ ಎದ್ದು ಹೊರಗೆ ಹೋಗುತ್ತಿದ್ದ. ತಂಗಿಯೊಡನೆ ಮಾತು ನಿಲ್ಲಿಸಿದ್ದ. ಹೇಳಬೇಕಾದದ್ದನ್ನು ಅಮ್ಮನ ಮೂಲಕ ಹೇಳಿಸುತ್ತಿದ್ದ. ಅಂಗಡಿ ಬಿಟ್ಟುಬಿಡುತ್ತೇನೆಂದು ರಾಧಾಮಣಿ ದಸ್ತಗೀರ್ ಸಾಹೇಬರಿಗೆ ಹೇಳಿದಳು. ಅವರು, “ಹೋದ್ರೆ ನಿನ್ ಜಾಗಕ್ಕೆ ಬರೋ ಹುಡುಗಿಗೆ ಇದೆಲ್ಲ ಗೊತ್ತಿರುತ್ತಾ ಬೇಟಾ?” ಎಂದು ಕೇಳಿದರು. ಅವಳು ಬಿಡಲಿಲ್ಲ.

ಹದಿನಾಲ್ಕನೆಯ ವಾರದಿಂದ ಡಾಕ್ಟರರು ಹಳೆಯ ಮಾತ್ರೆಗೇ ಮರಳಿದರು. ಮಗುವಿನ ಅಂಗಾಂಗ ರೂಪುಗೊಳ್ಳುವ ಕಾಲ ಮುಗಿದಿದೆ, ಅಪಾಯ ಪೂರ್ತಿ ಹೋಗಿಲ್ಲ, ಆದರೆ ತಾಯಿಯ ಕವಾಟಕ್ಕೆ ಅದೇ ಭದ್ರ ಎಂದರು. ಆ ಮಾತ್ರೆಯನ್ನು ಮತ್ತೆ ಅತ್ತಿಗೆಯ ಅಂಗೈಗೆ ಹಾಕುವ ಮುನ್ನ ರಾಧಾಮಣಿ ಚೀಟಿಯನ್ನು ಇನ್ನೊಮ್ಮೆ ಓದಿದಳು. ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಮೂಗಿನ ಮೂಳೆ ಸರಿಯಾಗಿದೆ ಎಂದರು. ಮೂವತ್ತೈದನೆಯ ವಾರಕ್ಕೆ ಆಶಾಳನ್ನು ಆಸ್ಪತ್ರೆಗೆ ಸೇರಿಸಿಕೊಂಡು ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲೆಂದು ಮಾತ್ರೆ ನಿಲ್ಲಿಸಿ, ಬೇಕಾದಾಗ ಬೇಗ ನಿಲ್ಲಿಸಬಹುದಾದ ಹೆಪಾರಿನ್ ಮತ್ತೆ ಶುರುಮಾಡಿದರು.

ಆಗಸ್ಟ್ ಎರಡನೆಯ ವಾರ. ಮರುದಿನ ಸಿಸೇರಿಯನ್ ಎಂದು ಗೊತ್ತಾಗಿತ್ತು. ಬೆಳಿಗ್ಗೆ ಕಾಫಿ ತಂದ ರಾಧಾಮಣಿಯನ್ನು ಆಶಾ ಹತ್ತಿರ ಕರೆದಳು.

“ಬಾಗ್ಲು ಹಾಕಿ ಬಾ. ನಾಳೆ ಏನಾಗುತ್ತೋ ಗೊತ್ತಿಲ್ಲ. ಒಂದು ಹೇಳ್ಬೇಕು.”

“ಏನೂ ಆಗಲ್ಲ ಅತ್ತಿಗೆ.”

“ಕೇಳು. ನೀನು ಅಂಗಡಿಯಿಂದ ಫೋನ್ ಮಾಡಿದ್ಯಲ್ಲ, ಆವತ್ತಿಗೆ ನಾನು ಮಾತ್ರೆ ಬಿಟ್ಟು ಎಂಟು ದಿನ ಆಗಿತ್ತು.”

ಲೋಟದ ಕಾಫಿ ರಾಧಾಮಣಿಯ ಕೈಮೇಲೆ ಚೆಲ್ಲಿತು. ಸುಟ್ಟದ್ದು ಅವಳಿಗೆ ತಿಳಿಯಲಿಲ್ಲ.

“ನಿಮಗೆಲ್ಲ ಹೇಳೋಕೆ ಮುಂಚೇನೇ ನಾನು ಟೆಸ್ಟ್ ಮಾಡ್ಕೊಂಡಿದ್ದೆ” ಎಂದಳು ಆಶಾ. “ರಕ್ತ ಪರೀಕ್ಷೆಗೆ ಹೋಗೋ ಕಡೆ ಶಿವಲಿಂಗವ್ವ ಅಂತ ಒಬ್ರು ಸಿಗ್ತಿದ್ರು. ಅವರ ಮಗಳಿಗೂ ನನ್ ತರಾನೇ ವಾಲ್ವು. ಈ ಮಾತ್ರೆ ತಗೊಂಡೇ ಹೆತ್ಳಂತೆ. ಮಗೂಗೆ ಮೂಗೇ ಸರಿಯಾಗಿ ಬೆಳೆದಿರ್ಲಿಲ್ವಂತೆ. ಉಸಿರಾಡೋಕಾಗ್ದೆ ಹೋಯ್ತಂತೆ. ಎರಡು ಗೆರೆ ನೋಡಿದ ತಕ್ಷಣ ಅದೇ ಕಣ್ಮುಂದೆ ಬಂತು. ಅವತ್ತೇ ಬಿಟ್ಟೆ.”

“ನಿಮಗೆ ಗೊತ್ತಿರ್ಲಿಲ್ವಾ, ಬಿಟ್ರೆ...”

“ಗೊತ್ತಿತ್ತು. ಆಪರೇಷನ್ ಆದಾಗ್ಲೇ ಹೇಳಿದ್ರು. ಮಗು ಬೇಕು ಅನ್ನಿಸಿದ್ರೆ ಮೊದ್ಲು ನಮ್ಮ ಹತ್ರ ಬಾ ಅಂತಾನೂ ಹೇಳಿದ್ರು. ಹೋದ್ರೆ ಬೇಡ ಅಂತಾರೆ ಅಂತ ಹೋಗ್ಲಿಲ್ಲ ಕಣೆ.”

ರಾಧಾಮಣಿ ಮಂಚದ ಕಬ್ಬಿಣದ ಸರಳು ಹಿಡಿದಳು. “ಏಳು ತಿಂಗಳು ಅತ್ತಿಗೆ. ಅಣ್ಣ ನನ್ ಮುಖ ನೋಡಿಲ್ಲ. ಅಮ್ಮ ನಾನು ಬಡಿಸಿದ ಊಟ ಮಾಡೋವಾಗ ತಟ್ಟೇನೇ ನೋಡ್ತಾಳೆ, ನನ್ನ ನೋಡಲ್ಲ. ಯಾಕೆ ಹೇಳ್ಲಿಲ್ಲ ನೀವು?”

“ಐಸಿಯುನಲ್ಲಿ ಮಾಸ್ಕ್ ಇತ್ತು. ಆಮೇಲೆ ತೆಗೆದ್ರು. ಆಗ್ಲೂ ಹೇಳ್ಲಿಲ್ಲ.” ಆಶಾ ಕಣ್ಣೊರೆಸಿಕೊಳ್ಳಲಿಲ್ಲ. “ನಿಮ್ಮಣ್ಣ ನನ್ ಕೈ ಹಿಡ್ಕೊಂಡು ಅಳ್ತಿದ್ರು. ನಿಜ ಹೇಳಿದ್ರೆ ಆ ಕೈ ಬಿಟ್ಬಿಡ್ತಾರೆ ಅಂತ ಭಯ ಆಯ್ತು. ಒಂದು ದಿನ ಹೋಗ್ಲಿ, ಎರಡು ದಿನ ಹೋಗ್ಲಿ ಅಂತ ಅಂದ್ಕೊಂಡೆ. ದಿನಾ ನೀನು ಬಂದು ಮಂಡಿ ಊರ್ತಿದ್ದೆ. ದಿನಾ ಬಾಯಿ ತನಕ ಬರ್ತಿತ್ತು.”

ರಾಧಾಮಣಿ ಹೊರಗೆ ಬಂದಳು. ಮೆಟ್ಟಿಲಿಳಿದು ಆಸ್ಪತ್ರೆಯ ಕಾಂಪೌಂಡಿನಲ್ಲಿ ನಿಂತಳು. ಭಾರ ಇಳಿಯಬೇಕಿತ್ತು, ಇಳಿಯಲಿಲ್ಲ. ಹಿಂದಿರುಗಿ ಹೋಗಿ ಅತ್ತಿಗೆಯ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಬಾರಿಸಬೇಕೆನ್ನಿಸಿದ್ದಕ್ಕೆ ತಾನೇ ಬೆಚ್ಚಿಬಿದ್ದಳು. ತಾನು ಫೋನ್ ಮಾಡದೆ ಇದ್ದಿದ್ದರೂ ಇದೇ ಆಗುತ್ತಿತ್ತು ಎಂಬುದು ಒಂದು ಕಡೆ. ಆದರೆ ಆವತ್ತು ಆಸ್ಪತ್ರೆಯ ಹುಡುಗಿಗೆ ‘ಬಸುರಿ, ಮಾತ್ರೆ ನಿಲ್ಲಿಸಿದ್ದೇವೆ’ ಎಂದು ಎರಡು ಮಾತು ಹೇಳಿದ್ದರೆ? ಔಷಧವಿಲ್ಲದೆ ಕಳೆದ ಆಮೇಲಿನ ಎಂಟು ದಿನವಾದರೂ ತಪ್ಪುತ್ತಿತ್ತಲ್ಲವೇ? ಅಷ್ಟು ತಪ್ಪನ್ನು ಅವಳಿಂದ ಯಾರೂ ತೆಗೆದುಕೊಳ್ಳುವಂತಿರಲಿಲ್ಲ.

ಅಣ್ಣನಿಗೆ ಅವಳು ಹೇಳಲಿಲ್ಲ. ಆ ದಿನ ಹೇಳುವ ದಿನವಾಗಿರಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಹೆಣ್ಣು ಮಗು ಹುಟ್ಟಿತು. ಎರಡು ಕೆಜಿ ಮುನ್ನೂರು ಗ್ರಾಂ. ಆಶಾಳಿಗೆ ರಕ್ತ ಹೆಚ್ಚು ಹೋಗಿ ಎರಡು ಬಾಟಲಿ ಏರಿಸಬೇಕಾಯಿತು, ಒಂದು ದಿನ ಎಲ್ಲರೂ ಉಸಿರು ಬಿಗಿಹಿಡಿದು ಕಾಯಬೇಕಾಯಿತು. ಅವಳು ಉಳಿದಳು. ಮಗುವಿನ ಮೂಗನ್ನು ಮುನಿನಾರಾಯಣಮ್ಮ ಕಿರುಬೆರಳಿನಿಂದ ಮುಟ್ಟಿ ನೋಡಿ, “ನಮ್ಮತ್ತೆ ಮೂಗು, ಅಂಗೇ ಐತೆ” ಎಂದಳು.

ಮನೆಗೆ ಬಂದ ವಾರ ಆಶಾ ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ತಾನೇ ಎಲ್ಲವನ್ನೂ ಹೇಳಿದಳು. ರಾಧಾಮಣಿ ಆಗ ಕೆಲಸದಲ್ಲಿದ್ದಳು. ಸಂಜೆ ಬಂದಾಗ ಮನೆ ಸ್ತಬ್ಧವಾಗಿತ್ತು. ಮುನೇಶ್ ಶೆಡ್ಡಿಗೆ ಹೋಗಿದ್ದವನು ಊಟಕ್ಕೂ ಬಂದಿರಲಿಲ್ಲ. ಆಶಾ ಗೋಡೆ ಕಡೆ ತಿರುಗಿ ಮಗುವಿಗೆ ಹಾಲೂಡಿಸುತ್ತಿದ್ದಳು. ಮುನಿನಾರಾಯಣಮ್ಮ ಮಗಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, “ಉಣ್ಣು ಬಾ” ಎಂದಳು. ತಾನೇ ತಟ್ಟೆ ಹಾಕಿ ಬಡಿಸಿದಳು.

ಎರಡು ದಿನ ಕಳೆದವು. ಮಧ್ಯಾಹ್ನ ಮುನೇಶ್ ಮೆಡಿಕಲ್ ಸ್ಟೋರಿಗೆ ಬಂದ. ಕೌಂಟರಿನ ಮುಂದೆ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗುವವರೆಗೂ ಹಿಂದೆ ನಿಂತಿದ್ದು, ಆಮೇಲೆ ಚೀಟಿಯನ್ನು ಗಾಜಿನ ಮೇಲಿಟ್ಟ. ಆಶಾಳ ಅದೇ ಮಾತ್ರೆ.

“ಇದನ್ನ... ಹಾಲು ಕುಡ್ಸೋವಾಗ ತಗೋಬಹುದಾ?”

ಏಳು ತಿಂಗಳ ಮೇಲೆ ಅಣ್ಣ ನೇರವಾಗಿ ಆಡಿದ ಮೊದಲ ಮಾತು. ರಾಧಾಮಣಿ ಚೀಟಿಯ ಮೇಲೆ ಕಣ್ಣಾಡಿಸಿದಳು.

“ತಗೋಬಹುದು. ಹಾಲಲ್ಲಿ ಇಳಿಯಲ್ಲ. ಆದ್ರೆ ನನ್ ಮಾತು ನಂಬ್ಬೇಡ ಅಣ್ಣ, ಡಾಕ್ಟ್ರನ್ನ ಕೇಳು.”

“ಕೇಳ್ದೆ. ನಿನ್ನೆ ಫೋನ್ ಮಾಡಿ ಕೇಳ್ದೆ.” ಅವನು ಚೀಟಿಯ ಮೂಲೆಯನ್ನು ಉಗುರಿನಿಂದ ಮಡಚುತ್ತ ನಿಂತ. “ನಿನ್ನ ಬಾಯಿಂದ್ಲೂ ಕೇಳ್ಬೇಕು ಅನ್ನಿಸ್ತು.”

ಅವಳು ಮಾತ್ರೆ ತೆಗೆದಳು. ಹೆಸರು ಓದಿದಳು, ಶಕ್ತಿ ಓದಿದಳು, ತಾರೀಕು ಓದಿದಳು. ಲಕೋಟೆಗೆ ಹಾಕಿ ಕೊಟ್ಟಾಗ ಅವನು ತಕ್ಷಣ ಹೊರಡಲಿಲ್ಲ. ಬಿಸಿಲಲ್ಲಿ ನಡೆದು ಬಂದಿದ್ದ, ಹಣೆಯ ಮೇಲೆ ಬೆವರಿತ್ತು. ರಾಧಾಮಣಿ ಒಳಗಿನಿಂದ ಸ್ಟೂಲು ತಂದು ಹಾಕಿದಳು. ಅವನು ಕುಳಿತ.